ಶಕ್ತಿ ಇರುತ್ತದೆ, ತಾಳ ತಪ್ಪುತ್ತದೆ: ಕ್ವಾಂಟಂ ಕಣಗಳ ಎರಡು ಬಗೆಯ ಮರೆವು

ಹೋದ ತಿಂಗಳು ಅಮ್ಮನ ಸೊಂಟ ನೋವಿಗೆ ಹಾಸನದಲ್ಲಿ ಎಂಆರ್‌ಐ ಮಾಡಿಸಿದೆವು. ಬೇಲೂರು ಕಡೆಯ ನಮ್ಮ ತೋಟದಲ್ಲಿ ನಲವತ್ತು ವರ್ಷ ಕಳೆ ಕಿತ್ತು, ಉದುರಿದ ಕಾಫಿ ಹಣ್ಣು ಆಯ್ದು ಸವೆದ ಸೊಂಟ ಅದು. ಮನೆಗೆ ಬಂದ ಮೇಲೆ ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಒಂದು ಸಾಲಿನ ಚಿತ್ರಗಳ ಮೂಲೆಯಲ್ಲಿ ಟಿ1 ಎಂದಿತ್ತು, ಇನ್ನೊಂದು ಸಾಲಿನಲ್ಲಿ ಟಿ2. ಟಿ2 ಸಾಲಿನಲ್ಲಿ ಬೆನ್ನುಮೂಳೆಗಳ ನಡುವಿನ ಡಿಸ್ಕ್‌ಗಳು ಬೆಳ್ಳಗಿದ್ದವು. ಕೆಳಗಿನದೊಂದು ಮಾತ್ರ ಕಪ್ಪು.

"ಅದೊಂದ್ಯಾಕ್ ಮಗ ಸೀದೋದಂಗದೆ?" ಎಂದು ಅಮ್ಮ ಕೇಳಿದಳು.

ಸೀದಿಲ್ಲಮ್ಮ, ನೀರು ಆರಿ ಒಣಗಿದೆ ಎಂದೆ. ಅವಳಿಗೆ ಅಷ್ಟು ಸಾಕಾಯಿತು. ನನಗೆ ಸಾಕಾಗಲಿಲ್ಲ. ಅದೇ ವಾರ ನಾನು ಪಾಠ ಮಾಡುವ ಪಿಯು ಕ್ಲಾಸಿನಲ್ಲಿ ಹುಡುಗನೊಬ್ಬ ಎದ್ದು ಕೇಳಿದ್ದ: "ಸಾರ್, ನಮ್ ಸ್ಟೇಟಲ್ಲಿ ಎಷ್ಟು ಕ್ಯೂಬಿಟ್ ಕಂಪ್ಯೂಟರ್ ಮಾಡ್ತಾರೆ?" ಕ್ಯೂಬಿಟ್ ಅಂದರೆ ಕ್ವಾಂಟಂ ಕಂಪ್ಯೂಟರ್ ಲೆಕ್ಕ ಹಿಡಿದಿಡುವ ಪುಟ್ಟ ಘಟಕ. ಕ್ವಾಂಟಂ ಸುದ್ದಿ ಬಂದಾಗಲೆಲ್ಲ ಜನ ಕೇಳುವುದು ಇದನ್ನೇ. ಎಷ್ಟು? ಅದಕ್ಕೂ ಮುಂಚೆ ಕೇಳಬೇಕಾದ ಪ್ರಶ್ನೆ ಇನ್ನೊಂದಿದೆ. ಅವು ಎಷ್ಟು ಹೊತ್ತು ನೆನಪಿಡುತ್ತವೆ? ಅದಕ್ಕೆ ಉತ್ತರ ಕೊಡುವ ಅಳತೆಗಳು ಅಮ್ಮನ ಫಿಲ್ಮಿನ ಮೂಲೆಯಲ್ಲಿ ಅಚ್ಚಾಗಿದ್ದ ಅದೇ ಟಿ1 ಮತ್ತು ಟಿ2.

ಅರಸೀಕೆರೆ, ಕಡೂರು ಕಡೆಯ ಜಾತ್ರೆಗಳಲ್ಲಿ ಡೊಳ್ಳು ಕುಣಿತ ನೋಡಿದವರಿಗೆ ಇವೆರಡರ ವ್ಯತ್ಯಾಸ ಹೇಳುವುದು ಸುಲಭ. ಇಪ್ಪತ್ತು ಜನ ಡೊಳ್ಳು ಕಟ್ಟಿಕೊಂಡು ನಿಂತಿದ್ದಾರೆ. ಮೊದಲ ಪೆಟ್ಟು ಎಲ್ಲರದೂ ಒಟ್ಟಿಗೆ ಬೀಳುತ್ತದೆ, ಎದೆ ನಡುಗುತ್ತದೆ. ಈಗ ಅವರೆಲ್ಲರ ಕಣ್ಣು ಕಟ್ಟಿ, ಕಿವಿಗೆ ಹತ್ತಿ ತುರುಕಿ. ಒಬ್ಬರಿಗೊಬ್ಬರು ಕಾಣಬಾರದು, ಕೇಳಬಾರದು. ತಮ್ಮ ತಮ್ಮ ಅಂದಾಜಿನಲ್ಲಿ ಬಾರಿಸುತ್ತಾ ಹೋಗಲಿ. ಒಬ್ಬನ ಕೈ ಕೂದಲೆಳೆಯಷ್ಟು ಚುರುಕು, ಇನ್ನೊಬ್ಬನದು ಅಷ್ಟೇ ನಿಧಾನ. ಎರಡು ನಿಮಿಷ ಕಳೆಯುವಷ್ಟರಲ್ಲಿ ತಾಳ ಚದುರುತ್ತದೆ. ದೂರ ನಿಂತು ಕೇಳುವವನಿಗೆ ಢಂ ಢಂ ಹೋಗಿ ಬರೀ ಗದ್ದಲ ಉಳಿಯುತ್ತದೆ. ಆದರೆ ಯಾರ ತೋಳಿನ ಕಸುವೂ ಕಡಿಮೆಯಾಗಿಲ್ಲ. ಕೈ ಸೋತು ಒಬ್ಬೊಬ್ಬರೇ ನಿಲ್ಲಿಸುವುದು ಇನ್ನೂ ಎಷ್ಟೋ ಹೊತ್ತಿನ ಮೇಲೆ.

ತೋಳಿನ ಕಸುವು ಇಳಿಯುವುದಕ್ಕೆ ಹಿಡಿಯುವ ಹೊತ್ತು ಟಿ1. ತಾಳ ಚದುರುವುದಕ್ಕೆ ಹಿಡಿಯುವ ಹೊತ್ತು ಟಿ2. ಮೊದಲನೆಯದು ಶಕ್ತಿಯ ಇಳಿತ, ಎರಡನೆಯದು ಫೇಸ್‌ನ ಇಳಿತ. ಫೇಸ್ ಅಂದರೆ ತಿರುಗುವ ಸುತ್ತಿನಲ್ಲಿ ಈ ಗಳಿಗೆಯಲ್ಲಿ ಎಲ್ಲಿದ್ದೇವೆ ಎನ್ನುವ ಲೆಕ್ಕ. ಕೈ ಮೇಲೆದ್ದಿದೆಯೋ, ಡೊಳ್ಳಿನ ಮೇಲೆ ಬಿದ್ದಿದೆಯೋ, ಅಷ್ಟೆ.

ಈ ಎರಡು ಇಳಿತಗಳನ್ನು ಬೇರೆ ಬೇರೆ ಮಾಡಿ ಸಮೀಕರಣ ಬರೆದವರು ಫೆಲಿಕ್ಸ್ ಬ್ಲಾಖ್, 1946ರಲ್ಲಿ. ನೀರಿನ ಅಣುವಿನಲ್ಲಿರುವ ಹೈಡ್ರೋಜನ್ನಿನ ಪ್ರೋಟಾನ್ ಒಂದು ಪುಟ್ಟ ಅಯಸ್ಕಾಂತದ ಹಾಗೆ. ಒಂದು ಮಿಲಿಲೀಟರ್ ನೀರಿನಲ್ಲಿ ಅಂಥವು 6ರ ಮುಂದೆ 22 ಸೊನ್ನೆ ಇಟ್ಟರೆ ಎಷ್ಟೋ ಅದಕ್ಕಿಂತ ಜಾಸ್ತಿ ಇವೆ. ಅಮ್ಮ ಮಲಗಿದ ಯಂತ್ರದ ಕಾಂತಬಲ 1.5 ಟೆಸ್ಲಾ. ಆ ಬಲದಲ್ಲಿ ಪ್ರತಿ ಪ್ರೋಟಾನ್ ಸೆಕೆಂಡಿಗೆ ಸುಮಾರು 6 ಕೋಟಿ 39 ಲಕ್ಷ ಸಲ ಬುಗುರಿಯಂತೆ ಓಲಾಡುತ್ತದೆ. ರೇಡಿಯೊ ಅಲೆಯ ಒಂದು ಪೆಟ್ಟು ಕೊಟ್ಟರೆ ಅವು ಮೇಲಿನ ಶಕ್ತಿಗೆ ಏರುತ್ತವೆ, ಜೊತೆಗೆ ಒಂದೇ ತಾಳಕ್ಕೂ ಬರುತ್ತವೆ. ಎಲ್ಲವೂ ಬರುವುದಿಲ್ಲ. ಹತ್ತು ಲಕ್ಷಕ್ಕೆ ಸುಮಾರು ಐದರಷ್ಟು ಮಾತ್ರ ಲೆಕ್ಕಕ್ಕೆ ಸಿಗುತ್ತವೆ. ಅಷ್ಟಕ್ಕೇ ಚಿತ್ರ ಮೂಡುತ್ತದೆ ಅಂದರೆ ಒಟ್ಟು ಸಂಖ್ಯೆ ಎಷ್ಟು ದೊಡ್ಡದು ನೋಡಿ.

ಪೆಟ್ಟು ನಿಂತ ಮೇಲೆ ಎರಡು ಮರೆವುಗಳೂ ಶುರುವಾಗುತ್ತವೆ. ಸ್ನಾಯುವಿನಲ್ಲಿ ಶಕ್ತಿ ಇಳಿಯಲು ಹೆಚ್ಚುಕಮ್ಮಿ 1 ಸೆಕೆಂಡ್ ಬೇಕು. ತಾಳ ತಪ್ಪಲು ಸುಮಾರು 50 ಮಿಲಿಸೆಕೆಂಡ್ ಸಾಕು. ಇಪ್ಪತ್ತು ಪಟ್ಟು ವ್ಯತ್ಯಾಸ. ಕೊಬ್ಬಿನಲ್ಲಿ ಶಕ್ತಿ ಕಾಲು ಸೆಕೆಂಡಿನಲ್ಲೇ ಇಳಿದುಬಿಡುತ್ತದೆ, ಅದಕ್ಕೇ ಟಿ1 ಚಿತ್ರದಲ್ಲಿ ಕೊಬ್ಬು ಬೆಳ್ಳಗೆ. ಬೆನ್ನುಹುರಿಯ ಸುತ್ತ ಇರುವ ದ್ರವದಲ್ಲಿ ತಾಳ ಸೆಕೆಂಡ್‌ಗಟ್ಟಲೆ ಉಳಿಯುತ್ತದೆ, ಅದಕ್ಕೇ ಟಿ2 ಚಿತ್ರದಲ್ಲಿ ಅದು ಹೊಳೆಯುತ್ತದೆ.

ಇಲ್ಲಿ ಸ್ವಲ್ಪ ನಿಲ್ಲಬೇಕು. ನೀರಿನ ಅಣುಗಳು ಒಂದೇ ಸಮನೆ ಉರುಳಾಡುತ್ತಿರುತ್ತವೆ. ಅಷ್ಟು ಗಲಾಟೆಯಲ್ಲಿ ತಾಳ ಬೇಗ ತಪ್ಪಬೇಕು, ಅಲ್ವಾ? ಆಗುವುದು ತಿರುಗುಮುರುಗು. ಪ್ರತಿ ಪ್ರೋಟಾನ್ ತನ್ನ ಪಕ್ಕದ್ದನ್ನು ಸ್ವಲ್ಪ ತಳ್ಳುತ್ತದೆ. ಅಣು ಉರುಳುತ್ತಲೇ ಇದ್ದರೆ ಆ ತಳ್ಳು ಈಗ ಈ ಕಡೆ, ಮರುಗಳಿಗೆ ಆ ಕಡೆ. ಲೆಕ್ಕ ಚುಕ್ತಾ ಆಗಿಬಿಡುತ್ತದೆ. ಅಣು ಎಲ್ಲಾದರೂ ಅಂಟಿಕೊಂಡು ಕೂತರೆ ಮಾತ್ರ ತಳ್ಳು ಒಂದೇ ಕಡೆಯಿಂದ ಬೀಳುತ್ತಾ ಹೋಗುತ್ತದೆ. ತೇರಿನ ಬೀದಿಯಲ್ಲಿ ಎಲ್ಲ ಕಡೆಯಿಂದ ಒತ್ತಿದರೆ ನಾವು ನಿಂತಲ್ಲೇ ನಿಲ್ಲುತ್ತೇವೆ. ಬೆನ್ನ ಹಿಂದೆ ಒಬ್ಬನೇ ಒಂದೇ ಸಮನೆ ನೂಕಿದರೆ ಬೀಳುತ್ತೇವೆ. 1948ರಲ್ಲಿ ಬ್ಲೂಂಬರ್ಗನ್, ಪರ್ಸೆಲ್ ಮತ್ತು ಪೌಂಡ್ ಇದನ್ನು ಲೆಕ್ಕಕ್ಕೆ ಇಳಿಸಿದರು. ಅಮ್ಮನ ಆ ಡಿಸ್ಕ್ ಕಪ್ಪಾಗಿದ್ದು ಇದರಿಂದಲೇ. ಒಳಗಿನ ಲೋಳೆಯಂಥ ಭಾಗದ ನೀರು ಆರಿದೆ. ಉಳಿದ ನೀರು ಬಿಡುಬೀಸಾಗಿ ಉರುಳಾಡುವ ಜಾಗ ಕಳೆದುಕೊಂಡಿದೆ. ತಾಳ ಬೇಗ ತಪ್ಪಿದೆ.

ಎರಡು ಅಳತೆಗಳಿಗೂ ಒಂದು ಕಟ್ಟಿದೆ. ಟಿ2 ಎಷ್ಟೇ ಬೆಳೆದರೂ ಟಿ1ರ ಎರಡರಷ್ಟನ್ನು ದಾಟುವುದಿಲ್ಲ. ಕೈ ಸೋತು ಕೂತವನು ತಾಳ ಹಾಕಲಾರ, ಹಾಗಾಗಿ ಶಕ್ತಿ ಹೋದಲ್ಲಿ ಫೇಸ್ ಕೂಡ ಹೋಗಲೇಬೇಕು. ಎರಡರಷ್ಟು ಯಾಕೆಂದರೆ, ಶಕ್ತಿ ಅನ್ನುವುದು ಅಲೆಯ ಎತ್ತರದ ವರ್ಗಕ್ಕೆ ಸೇರಿದ್ದು. ಫೇಸ್ ಕೂತಿರುವುದು ಆ ಎತ್ತರದಲ್ಲಿ. ಎತ್ತರ ಇಳಿಯುವ ವೇಗ ಅದರ ವರ್ಗ ಇಳಿಯುವ ವೇಗದ ಅರ್ಧ.

ಮುಳ್ಳಯ್ಯನಗಿರಿಯಿಂದ ಹಿಂದಿರುಗಿದರೆ

ತಪ್ಪಿದ ತಾಳ ಮತ್ತೆ ಕೂಡಬಲ್ಲದೆ? 1950ರಲ್ಲಿ ಅರ್ವಿನ್ ಹಾನ್ ಎಂಬ ಭೌತವಿಜ್ಞಾನಿ ಕೂಡಬಲ್ಲದು ಎಂದು ತೋರಿಸಿದರು. ನನಗೆ ಈ ಇಡೀ ವಿಷಯದಲ್ಲಿ ಅತಿ ಇಷ್ಟವಾದ ಭಾಗ ಇದು.

ಒಂದು ಕ್ಲಾಸಿನ ಮಕ್ಕಳನ್ನು ಮುಳ್ಳಯ್ಯನಗಿರಿಗೆ ಕರೆದುಕೊಂಡು ಹೋಗಿದ್ದೀರಿ ಅಂದುಕೊಳ್ಳಿ. 1930 ಮೀಟರ್, ನಮ್ಮ ರಾಜ್ಯದಲ್ಲೇ ಎತ್ತರದ ಬೆಟ್ಟ. ಕೆಳಗಿನಿಂದ ಎಲ್ಲರೂ ಒಂದೇ ಸಲ ಹೊರಡುತ್ತಾರೆ. ಅರ್ಧ ಗಂಟೆಯಲ್ಲಿ ಕಾಲುದಾರಿಯ ಉದ್ದಕ್ಕೂ ಚದುರಿಹೋಗುತ್ತಾರೆ. ಚುರುಕಿನವರು ಮಂಜಿನಲ್ಲಿ ಮರೆ, ಸುಸ್ತಾದವರು ತೀರಾ ಕೆಳಗೆ. ಗುಂಪು ಅನ್ನುವುದೇ ಉಳಿದಿಲ್ಲ. ಆಗ ಸೀಟಿ ಊದಿ, ಎಲ್ಲರೂ ಇದ್ದಲ್ಲೇ ತಿರುಗಿ, ತಮ್ಮ ಅದೇ ವೇಗದಲ್ಲಿ ವಾಪಸ್ ನಡೆಯಲಿ. ಜಾಸ್ತಿ ದೂರ ಹೋದವನು ವೇಗದವನು. ಹತ್ತಿರದಲ್ಲಿದ್ದವನು ನಿಧಾನದವನು. ಸರಿಯಾಗಿ ಇನ್ನೊಂದು ಅರ್ಧ ಗಂಟೆಗೆ ಎಲ್ಲರೂ ಕೆಳಗೆ ಒಂದೇ ಸಲ ಬಂದು ಸೇರುತ್ತಾರೆ. ಹಾನ್ ಮಾಡಿದ್ದು ಇದನ್ನೇ. ಎರಡನೆಯ ರೇಡಿಯೊ ಪೆಟ್ಟೇ ಆ ಸೀಟಿ. ಸತ್ತೇ ಹೋಯಿತು ಅಂದುಕೊಂಡಿದ್ದ ಸದ್ದು ಮತ್ತೆ ಎದ್ದು ಬಂತು. ಅದಕ್ಕೆ ಸ್ಪಿನ್ ಎಕೊ ಎಂದು ಹೆಸರು, ಮಾರ್ದನಿ ಅನ್ನಬಹುದು. ಅಮ್ಮನ ಟಿ2 ಚಿತ್ರಗಳು ಮೂಡಿದ್ದು ಇಂಥ ಮಾರ್ದನಿಗಳಿಂದ.

ಆದರೆ ಒಬ್ಬ ಹುಡುಗ ಹತ್ತುವಾಗ ಸುಮ್ನೆ ಹತ್ತು ನಿಮಿಷ ಕೂತು ಮಂಡಕ್ಕಿ ತಿಂದ ಅಂದುಕೊಳ್ಳಿ. ಇಳಿಯುವಾಗ ಅವನು ಅದೇ ಜಾಗದಲ್ಲಿ ಅಷ್ಟೇ ಹೊತ್ತು ಕೂರುವುದಿಲ್ಲ. ಅವನು ಬೇರೆ ಹೊತ್ತಿಗೆ ಬರುತ್ತಾನೆ. ಅವನಿಂದಾದ ಚದುರುವಿಕೆಯನ್ನು ಯಾವ ಸೀಟಿಯೂ ಸರಿಮಾಡಲಾರದು. ಹೀಗೆ ಫೇಸ್ ಮರೆಯುವುದರಲ್ಲೇ ಎರಡು ಜಾತಿ. ಒಂದು, ಒಬ್ಬೊಬ್ಬರ ವೇಗ ಬೇರೆ ಇರುವುದರಿಂದ ಆದದ್ದು. ಇದು ವಾಪಸ್ ಬರುತ್ತದೆ. ಇನ್ನೊಂದು, ಹೊರಗಿನ ಕುಲುಕಾಟ ಗಳಿಗೆಗೊಂದು ಥರ ಇರುವುದರಿಂದ ಆದದ್ದು. ಇದು ಬರುವುದಿಲ್ಲ.

ಇನ್ನೂ ಆಳಕ್ಕೆ ಹೋದರೆ ಪ್ರಶ್ನೆ ತೀಕ್ಷ್ಣವಾಗುತ್ತದೆ. ಹೊರಗಿನ ಕುಲುಕಾಟವೇ ಇಲ್ಲ ಅನ್ನೋಣ. ಕಣಗಳ ಒಂದು ಗುಂಪನ್ನು ಪೂರ್ತಿ ಮುಚ್ಚಿಟ್ಟು, ಒಳಗೆ ಒಂದು ಮೂಲೆಯನ್ನು ಕೆದಕಿ ಬಿಟ್ಟರೆ? ಕ್ವಾಂಟಂ ನಿಯಮದ ಪ್ರಕಾರ ಆ ಗುಂಪು ಏನನ್ನೂ ಮರೆಯುವಂತಿಲ್ಲ. ಆದರೂ ಸ್ವಲ್ಪ ಹೊತ್ತಿಗೆ ಅದು ಎಲ್ಲ ಕಡೆ ಒಂದೇ ಬಿಸಿ ಇರುವ ಸಾದಾ ವಸ್ತುವಿನಂತೆ ಕಾಣುತ್ತದೆ. ಇದು ಹೇಗೆ? 1991ರಲ್ಲಿ ಜೋಶ್ ಡಾಯ್ಚ್, 1994ರಲ್ಲಿ ಮಾರ್ಕ್ ಸ್ರೆಡ್ನಿಕಿ ಕೊಟ್ಟ ಉತ್ತರವನ್ನು ಹೀಗೆ ಹೇಳಬಹುದು. ಊರಿನಲ್ಲಿ ಒಬ್ಬರಿಗೆ ಗೊತ್ತಿದ್ದ ಸಂಗತಿ ಬಾಯಿಂದ ಬಾಯಿಗೆ ಚೂರು ಚೂರಾಗಿ ಹರಡುತ್ತದೆ. ಊರಿನ ಮಟ್ಟಿಗೆ ಏನೂ ಕಳೆದಿಲ್ಲ. ಆದರೆ ಯಾವ ಒಂದು ಮನೆಯ ಬಾಗಿಲು ತಟ್ಟಿದರೂ ಪೂರ್ತಿ ಕಥೆ ಸಿಗುವುದಿಲ್ಲ. ಫೇಸ್‌ನ ಲೆಕ್ಕವೂ ಹಾಗೆಯೇ, ಕಣಗಳ ನಡುವಿನ ಹೆಣಿಗೆಯಲ್ಲಿ ಅಡಗಿ ಕೂರುತ್ತದೆ. ನಮ್ಮ ಉಪಕರಣಗಳು ಒಂದೊಂದೇ ಮನೆಯ ಬಾಗಿಲು ತಟ್ಟುತ್ತವೆ, ಅಷ್ಟೆ.

ಎಲ್ಲ ಗುಂಪುಗಳೂ ಈ ಮಾತಿಗೆ ಬಗ್ಗುವುದಿಲ್ಲ. 1953ರಿಂದ 55ರ ನಡುವೆ ಅಮೆರಿಕದ ಲಾಸ್ ಅಲಮೋಸ್‌ನಲ್ಲಿ ಫರ್ಮಿ, ಪಾಸ್ತಾ ಮತ್ತು ಉಲಾಮ್ ಸ್ಪ್ರಿಂಗ್ ಕಟ್ಟಿದ ಗುಂಡುಗಳ ಸಾಲೊಂದನ್ನು ಕಂಪ್ಯೂಟರಿನಲ್ಲಿ ಓಡಿಸಿ ನೋಡಿದರು. ಪ್ರೋಗ್ರಾಂ ಬರೆದವರು ಮೇರಿ ಸಿಂಗೌ. ಬಹಳ ವರ್ಷ ಅವರ ಹೆಸರನ್ನು ಬಿಟ್ಟೇ ಈ ಪ್ರಯೋಗದ ಮಾತು ನಡೆಯಿತು, ಅದು ಸರಿಯಲ್ಲ. ಒಂದೇ ಬಗೆಯ ಅಲೆಯಾಗಿ ಕೊಟ್ಟ ಶಕ್ತಿ ಎಲ್ಲ ಬಗೆಗೂ ಹಂಚಿಹೋಗುತ್ತದೆ ಎಂದು ಅವರು ಕಾದರು. ಅದು ಸ್ವಲ್ಪ ಹಂಚಿಕೊಂಡು, ಮತ್ತೆ ಹೆಚ್ಚುಕಮ್ಮಿ ಪೂರ್ತಿಯಾಗಿ ಮೊದಲ ಅಲೆಗೇ ಮರಳಿತು. ಅದು ಕ್ವಾಂಟಂ ಅಲ್ಲದ, ಮಾಮೂಲಿ ಲೆಕ್ಕ. ಅರವತ್ತು ವರ್ಷಗಳ ನಂತರ, 2017ರಲ್ಲಿ, ಹಾರ್ವರ್ಡ್‌ನಲ್ಲಿ 51 ರುಬಿಡಿಯಂ ಪರಮಾಣುಗಳನ್ನು ಸಾಲಾಗಿ ಹಿಡಿದಿಟ್ಟು, ಒಂದು ಬಿಟ್ಟು ಒಂದನ್ನು ಕೆರಳಿಸಿ ಬಿಟ್ಟಾಗ ಹೆಚ್ಚುಕಮ್ಮಿ ಅದೇ ಕಂಡಿತು. ಬೇಗ ಮರೆತು ಸುಮ್ಮನಾಗಬೇಕಿದ್ದ ಸಾಲು ಹಿಂದಕ್ಕೂ ಮುಂದಕ್ಕೂ ತೂಗುತ್ತಲೇ ಇತ್ತು. ಎಲ್ಲಿ ಮರೆವು ನಡೆಯುತ್ತದೆ, ಎಲ್ಲಿ ನಡೆಯುವುದಿಲ್ಲ ಎನ್ನುವ ಗೆರೆ ಎಳೆಯುವ ಕೆಲಸ ಇವತ್ತಿಗೂ ಮುಗಿದಿಲ್ಲ.

ಎಷ್ಟು ಅನ್ನುವ ಪ್ರಶ್ನೆಯ ತೊಂದರೆ

ಈಗ ಆ ಹುಡುಗನ ಪ್ರಶ್ನೆಗೆ ಬರುತ್ತೇನೆ. ಕೇಂದ್ರ ಸರ್ಕಾರ 2023ರ ಏಪ್ರಿಲ್‌ನಲ್ಲಿ ರಾಷ್ಟ್ರೀಯ ಕ್ವಾಂಟಂ ಮಿಷನ್‌ಗೆ 6,003.65 ಕೋಟಿ ರೂಪಾಯಿ ಒಪ್ಪಿತು. ಎಂಟು ವರ್ಷಗಳಲ್ಲಿ 50ರಿಂದ 1000 ಕ್ಯೂಬಿಟ್‌ಗಳ ಕಂಪ್ಯೂಟರ್ ಅದರ ಗುರಿಗಳಲ್ಲಿ ಒಂದು. ಕಂಪ್ಯೂಟಿಂಗ್ ವಿಭಾಗದ ಕೇಂದ್ರ ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ. 2025ರಲ್ಲಿ ಬೆಂಗಳೂರಿನ ಕ್ಯೂಪಿಎಐ ಕಂಪನಿ 25 ಕ್ಯೂಬಿಟ್ ಯಂತ್ರ ತಂದಿತು. ಅದೇ ವರ್ಷ ರಾಜ್ಯ ಸರ್ಕಾರ 1000 ಕೋಟಿಯ ಕ್ವಾಂಟಂ ಮಿಷನ್ ಘೋಷಿಸಿತು, ಹೆಸರಘಟ್ಟದಲ್ಲಿ ಕ್ವಾಂಟಂ ಸಿಟಿಯ ಮಾತು ಬಂತು. ಇದೆಲ್ಲ ನನಗೆ ನಿಜವಾಗಿ ಸಂತೋಷದ ಸುದ್ದಿ. ಆದರೆ ಪ್ರತಿ ತಲೆಬರಹದಲ್ಲೂ ಇರುವುದು ಎಣಿಕೆ ಮಾತ್ರ. 25, 50, 1000. ಅವು ಎಷ್ಟು ಹೊತ್ತು ತಾಳ ಹಿಡಿಯುತ್ತವೆ ಎಂದು ಒಂದು ಸಾಲೂ ಇರುವುದಿಲ್ಲ.

ಡೊಳ್ಳಿನವರ ಸಂಖ್ಯೆ ಹೆಚ್ಚಿಸಿದರೆ ತಾಳ ಗಟ್ಟಿಯಾಗುತ್ತದೆಯೆ? ಕ್ವಾಂಟಂನಲ್ಲಿ ಆಗುವುದು ಇದರ ಉಲ್ಟಾ. ಆಸ್ಟ್ರಿಯಾದ ಇನ್ಸ್‌ಬ್ರುಕ್‌ನಲ್ಲಿ ರೈನರ್ ಬ್ಲಾಟ್ ಅವರ ತಂಡ 2011ರಲ್ಲಿ 14 ಅಯಾನುಗಳನ್ನು (ವಿದ್ಯುದಂಶ ಹೊತ್ತ ಪರಮಾಣುಗಳನ್ನು) ಒಂದೇ ಹೆಣಿಗೆಗೆ ತಂದು ಇದನ್ನು ಅಳೆಯಿತು. ಎಲ್ಲಕ್ಕೂ ಒಂದೇ ಕುಲುಕಾಟ ತಗುಲಿದಾಗ, ಸಂಖ್ಯೆ ಎರಡು ಪಟ್ಟಾದರೆ ತಾಳ ತಪ್ಪುವ ವೇಗ ನಾಲ್ಕು ಪಟ್ಟಾಗುತ್ತದೆ. ಕುಲುಕಾಟ ಒಂದೊಂದಕ್ಕೂ ಬೇರೆ ಬೇರೆಯಾಗಿದ್ದರೂ ಎರಡು ಪಟ್ಟಂತೂ ಖಂಡಿತ. ಶಕ್ತಿಯ ಇಳಿತ ಒಂದೊಂದು ಕಣದ ಪಾಡು. ಹೆಣೆದುಕೊಂಡ ಗುಂಪಿನ ಫೇಸ್ ಹಾಗಲ್ಲ, ಯಾರೊಬ್ಬರಿಗೆ ಪೆಟ್ಟು ಬಿದ್ದರೂ ಎಲ್ಲರದೂ ಕೆಡುತ್ತದೆ. ಕ್ವಾಂಟಂ ಕಂಪ್ಯೂಟರಿನ ಬಲ ಇರುವುದೇ ಈ ಹೆಣಿಗೆಯಲ್ಲಿ. ಅದರ ಕಷ್ಟವೂ ಅಲ್ಲಿಯೇ. ಟಿ2 ಬೆಳೆಸದೆ ಎಣಿಕೆ ಬೆಳೆಸುವುದು ಒಣಗಿದ ಕೆರೆಗೆ ತೂಬು ಹೆಚ್ಚಿಸಿದ ಹಾಗೆ.

ಈ ಹೊತ್ತು ಹೇಗೆ ಬೆಳೆದಿದೆ ನೋಡಿ. 1999ರಲ್ಲಿ ಜಪಾನಿನ ಎನ್‌ಇಸಿ ಕಂಪನಿಯಲ್ಲಿ ನಕಮುರ ಮತ್ತು ಸಂಗಡಿಗರು ಸೂಪರ್‌ಕಂಡಕ್ಟರ್ (ಕರೆಂಟು ತಡೆಯಿಲ್ಲದೆ ಹರಿಯುವ) ಲೋಹದ ಮೊದಲ ಕ್ಯೂಬಿಟ್ ಓಡಿಸಿದಾಗ ಅದು ತಾಳ ಹಿಡಿದದ್ದು ಕೆಲವೇ ನ್ಯಾನೊಸೆಕೆಂಡ್. ಸೆಕೆಂಡಿನ ನೂರು ಕೋಟಿಯಲ್ಲೊಂದು ಭಾಗ ನ್ಯಾನೊಸೆಕೆಂಡ್. 2024ರ ಡಿಸೆಂಬರ್‌ನಲ್ಲಿ ಗೂಗಲ್ ತೋರಿಸಿದ ವಿಲ್ಲೋ ಚಿಪ್‌ನಲ್ಲಿ 105 ಕ್ಯೂಬಿಟ್‌ಗಳಿದ್ದವು. ಹಿಂದಿನ ಚಿಪ್‌ನಲ್ಲಿ 20 ಮೈಕ್ರೊಸೆಕೆಂಡ್‌ನಷ್ಟಿದ್ದ ಟಿ1 ಇದರಲ್ಲಿ ಹತ್ತಿರ ಹತ್ತಿರ 100ಕ್ಕೆ ಬಂತು. ಮೈಕ್ರೊಸೆಕೆಂಡ್ ಅಂದರೆ ಸಾವಿರ ನ್ಯಾನೊಸೆಕೆಂಡ್. 2025ರಲ್ಲಿ ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದವರು ಸಿಲಿಕಾನ್ ಮೇಲೆ ಟ್ಯಾಂಟಲಂ ಲೋಹ ಕೂರಿಸಿ 1 ಮಿಲಿಸೆಕೆಂಡ್ ದಾಟಿದರು. ಇಪ್ಪತ್ತಾರು ವರ್ಷಗಳಲ್ಲಿ ಸುಮಾರು ಲಕ್ಷ ಪಟ್ಟಿಗೂ ಜಾಸ್ತಿ. ನನ್ನ ಪ್ರಕಾರ ಈ ಕ್ಷೇತ್ರದ ನಿಜವಾದ ಚರಿತ್ರೆ ಇದೇ, ಕ್ಯೂಬಿಟ್ ಎಣಿಕೆ ಅದರ ಒಂದು ಅಡಿಟಿಪ್ಪಣಿ.

100 ಮೈಕ್ರೊಸೆಕೆಂಡ್‌ನಲ್ಲಿ ಏನು ಮಾಡಬಹುದು? ಲೆಕ್ಕದ ಒಂದು ಹೆಜ್ಜೆಗೆ ಕೆಲವು ಹತ್ತು ನ್ಯಾನೊಸೆಕೆಂಡ್ ಬೇಕು. ಅಂದರೆ ಎರಡು-ಮೂರು ಸಾವಿರ ಹೆಜ್ಜೆ, ಅಷ್ಟರಲ್ಲಿ ಮರೆವು. ಉಪಯೋಗಕ್ಕೆ ಬರುವ ದೊಡ್ಡ ಲೆಕ್ಕಗಳಿಗೆ ಕೋಟಿಗಟ್ಟಲೆ ಹೆಜ್ಜೆ ಬೇಕು. ಹಾಗಂತ ಹೊತ್ತು ಒಂದೇ ಸಾಲದು. ಚೀನಾದ ಚಿಂಗ್‌ಹುವಾ ವಿಶ್ವವಿದ್ಯಾಲಯದಲ್ಲಿ 2021ರಲ್ಲಿ ಒಂದೇ ಒಂದು ಯಿಟರ್ಬಿಯಂ ಅಯಾನು ಗಂಟೆಗೂ ಮೀರಿ ತಾಳ ಹಿಡಿಯಬಲ್ಲದು ಎಂದು ಅಂದಾಜಿಸಿದರು. ಆದರೆ ಅಯಾನುಗಳ ಹೆಜ್ಜೆ ತುಂಬಾ ನಿಧಾನ. ನೋಡಬೇಕಾದ್ದು ತಾಳ ತಪ್ಪುವುದರೊಳಗೆ ಎಷ್ಟು ಹೆಜ್ಜೆ ಇಡಬಹುದು ಎನ್ನುವ ಅನುಪಾತ.

ಮರೆಯುವ ಕ್ಯೂಬಿಟ್‌ಗಳನ್ನೇ ಜೋಡಿಸಿ, ಮರೆವನ್ನು ಕಂಡುಹಿಡಿದು ತಿದ್ದಿಕೊಳ್ಳುವ ದಾರಿಯೂ ಇದೆ. ವಿಲ್ಲೋ ಚಿಪ್ ದೊಡ್ಡ ಸುದ್ದಿಯಾದದ್ದು ಅದಕ್ಕೇ. ಕ್ಯೂಬಿಟ್‌ಗಳ 3 ಸಾಲು 3 ಕಂಬದ ಚೌಕದಿಂದ 5ಕ್ಕೆ, 5ರಿಂದ 7ಕ್ಕೆ ಹೋದಾಗ ತಪ್ಪು ಪ್ರತಿ ಸಲ ಅರ್ಧಕ್ಕಿಂತ ಸ್ವಲ್ಪ ಕೆಳಗಿಳಿಯಿತು. ದೊಡ್ಡದಾದಷ್ಟೂ ಒಳ್ಳೆಯದಾಯಿತು. ಆದರೆ ಗಮನಿಸಿ, ಒಂದೊಂದು ಕ್ಯೂಬಿಟ್ ಮೊದಲು ಒಂದು ಮಟ್ಟದ ಗುಣ ಮುಟ್ಟಿದ್ದರೆ ಮಾತ್ರ ಈ ಉಪಾಯ ಕೆಲಸ ಮಾಡುತ್ತದೆ. ಆ ಮಟ್ಟಕ್ಕಿಂತ ಕೆಳಗಿದ್ದರೆ, ಜೋಡಿಸಿದಷ್ಟೂ ತಪ್ಪು ಜಾಸ್ತಿಯಾಗುತ್ತದೆ.

ಮರೆವಿಗೆ ಕಾರಣ ಯಾರು ಎಂದು ಹುಡುಕಿದರೆ ಸಿಗುವವರು ತೀರಾ ಸಾಮಾನ್ಯರು. ಲೋಹದ ಮೇಲೆ ಕೂರುವ ತೆಳು ಆಕ್ಸೈಡ್ ಪದರದ ಕುಂದುಗಳು. ಸ್ವಚ್ಛ ಮಾಡುವಾಗ ಉಳಿದ ಕೊಳೆ. ಕೇಬಲ್‌ನಲ್ಲಿ ಇಳಿದು ಬರುವ ಬಿಸಿ. ಚಿಪ್ ಇರುವುದು ಪರಮ ಸೊನ್ನೆಗಿಂತ 0.01ರಿಂದ 0.02 ಡಿಗ್ರಿ ಮಾತ್ರ ಮೇಲೆ. ಅಲ್ಲಿಗೆ ಬಾಹ್ಯಾಕಾಶದಿಂದ ಬಂದ ಒಂದು ಕಣ ಬಡಿದರೂ ಹಲವು ಕ್ಯೂಬಿಟ್‌ಗಳು ಒಟ್ಟಿಗೆ ಕೆಡುತ್ತವೆ. ಆದ್ದರಿಂದ ಈ ಕೆಲಸಕ್ಕೆ ಬೇಕಾದವರು ಬರೀ ಸಾಫ್ಟ್‌ವೇರ್ ಬರೆಯುವವರಲ್ಲ. ಲೋಹ ಗೊತ್ತಿರುವವರು, ನಿರ್ವಾತ ಪಂಪ್ ಗೊತ್ತಿರುವವರು, ಮೈಕ್ರೊವೇವ್ ಗೊತ್ತಿರುವವರು, ಕೈಯಿಂದ ನಾಜೂಕಾಗಿ ಬೆಸುಗೆ ಹಾಕುವವರು. ಹಾಸನ, ಚಿಕ್ಕಮಗಳೂರಿನ ಇಂಜಿನಿಯರಿಂಗ್ ಮತ್ತು ಡಿಪ್ಲೊಮಾ ಮಕ್ಕಳಿಗೆ ಇದನ್ನು ಯಾರಾದರೂ ಹೇಳಬೇಕು. ಕ್ವಾಂಟಂ ಅಂದ ತಕ್ಷಣ ಅವರು ಇದು ನಮಗಲ್ಲ ಎಂದು ಕೈಬಿಡುತ್ತಾರೆ, ಅದು ನನಗೆ ತುಂಬಾ ಬೇಸರ.

ಫೇಸ್ ಕಾಯುವ ಕೆಲಸ ನಮ್ಮೂರಿಗೆ ಹೊಸದೇನೂ ಅಲ್ಲ. ಹಾಸನದ ಸಾಲಗಾಮೆ ರಸ್ತೆಯಲ್ಲಿ ಹೋದರೆ ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರದ ದೊಡ್ಡ ಬಿಳಿ ಆಂಟೆನಾಗಳು ಕಾಣುತ್ತವೆ. 1982ರಿಂದ ಅದು ಅಲ್ಲಿದೆ. ದಾರಿ ತೋರಿಸುವ ನಾವಿಕ್ ಉಪಗ್ರಹಗಳ ಉಸ್ತುವಾರಿಯೂ ಅಲ್ಲಿಂದಲೇ. ಆ ಉಪಗ್ರಹಗಳ ಹೊಟ್ಟೆಯಲ್ಲಿ ರುಬಿಡಿಯಂ ಗಡಿಯಾರಗಳಿವೆ. ರುಬಿಡಿಯಂ ಪರಮಾಣು ಸೆಕೆಂಡಿಗೆ ಸುಮಾರು 683 ಕೋಟಿ ಸಲ ಮಿಡಿಯುತ್ತದೆ. ಪರಮಾಣು ಗಾಜಿನ ಗೋಡೆಗೆ ಬಡಿದರೆ ತಾಳ ತಪ್ಪುತ್ತದೆ, ಹಾಗಾಗಿ ಡಬ್ಬಿಯೊಳಗೆ ಬೇರೊಂದು ಅನಿಲ ತುಂಬಿ ಅವು ಗೋಡೆ ಮುಟ್ಟುವುದನ್ನೇ ತಡಮಾಡುತ್ತಾರೆ. ಒಂದು ನ್ಯಾನೊಸೆಕೆಂಡ್ ತಪ್ಪಿದರೆ ನೆಲದ ಮೇಲೆ 30 ಸೆಂಟಿಮೀಟರ್ ತಪ್ಪು. 2013ರಲ್ಲಿ ಹಾರಿದ ಮೊದಲ ಉಪಗ್ರಹದ ಮೂರೂ ಗಡಿಯಾರಗಳು ಕೆಲವೇ ವರ್ಷಗಳಲ್ಲಿ ಕೆಟ್ಟವು. ಅವು ಹೊರದೇಶದಿಂದ ತಂದವು. 2023ರ ಮೇ 29ರಂದು ಹಾರಿದ ಎನ್‌ವಿಎಸ್-01ರಲ್ಲಿ ನಮ್ಮಲ್ಲೇ ಮಾಡಿದ ರುಬಿಡಿಯಂ ಗಡಿಯಾರ ಇತ್ತು.

ಎಲೆಯೊಳಗೆ ನಡೆಯುವುದು

ಇಷ್ಟು ಹೊತ್ತು ಮರೆವನ್ನು ಶತ್ರುವಿನ ಹಾಗೆ ಹೇಳುತ್ತಾ ಬಂದೆ. ನಮ್ಮ ತೋಟದ ಕಾಫಿ ಎಲೆ ಆ ಮಾತು ಒಪ್ಪುವುದಿಲ್ಲ.

ಬೆಳಕು ಎಲೆಯ ಮೇಲೆ ಬಿದ್ದಾಗ ಒಂದು ಕ್ಲೋರೋಫಿಲ್ ಅಣು ಕೆರಳುತ್ತದೆ. ಆ ಶಕ್ತಿ ಅಣುವಿನಿಂದ ಅಣುವಿಗೆ ದಾಟಿ, ಅದನ್ನು ಬಳಸಿಕೊಳ್ಳುವ ಜಾಗ ಸೇರಬೇಕು. 2007ರಲ್ಲಿ ಬರ್ಕ್ಲಿಯ ಗ್ರಹಾಂ ಫ್ಲೆಮಿಂಗ್ ಅವರ ತಂಡ ಗಂಧಕದ ಹಸಿರು ಬ್ಯಾಕ್ಟೀರಿಯಾದ ಬೆಳಕು ಹಿಡಿಯುವ ಪ್ರೋಟೀನಿನಲ್ಲಿ 600 ಫೆಮ್ಟೊಸೆಕೆಂಡ್ ದಾಟಿಯೂ ತಾಳ ಉಳಿದಿರುವುದನ್ನು ಕಂಡಿತು. ಸಾವಿರ ಫೆಮ್ಟೊಸೆಕೆಂಡ್ ಸೇರಿದರೆ ಒಂದು ಪಿಕೊಸೆಕೆಂಡ್, ಸಾವಿರ ಪಿಕೊಸೆಕೆಂಡ್ ಸೇರಿದರೆ ಒಂದು ನ್ಯಾನೊಸೆಕೆಂಡ್. 77 ಕೆಲ್ವಿನ್, ಅಂದರೆ ಸೊನ್ನೆಗಿಂತ ಸುಮಾರು 196 ಡಿಗ್ರಿ ಸೆಲ್ಸಿಯಸ್ ಕೆಳಗಿನ ಚಳಿಯಲ್ಲಿ ನಡೆದ ಪ್ರಯೋಗ ಅದು. ಗಿಡಗಳು ಕ್ವಾಂಟಂ ಕಂಪ್ಯೂಟರುಗಳು ಎಂದು ಪತ್ರಿಕೆಗಳು ಬರೆದವು. ನಾನೂ ಕ್ಲಾಸಿನಲ್ಲಿ ಹಾಗೆ ಹೇಳಿದ್ದುಂಟು. 2017ರಲ್ಲಿ ಮಾಮೂಲಿ ಬಿಸಿಯಲ್ಲಿ ಮತ್ತೆ ಅಳೆದಾಗ ಎಲೆಕ್ಟ್ರಾನಿನ ತಾಳ ಸುಮಾರು 60 ಫೆಮ್ಟೊಸೆಕೆಂಡ್‌ಗೇ ಮುಗಿಯುವುದು ಕಂಡಿತು. ಉದ್ದಕ್ಕೆ ಉಳಿದ ಮಿಡಿತ ಹೆಚ್ಚಾಗಿ ಅಣುಗಳ ಅಲುಗಾಟದ್ದು. ಶಕ್ತಿ ದಾಟಲು ಹಿಡಿಯುವ ಹೊತ್ತು ಪಿಕೊಸೆಕೆಂಡ್‌ಗಳಲ್ಲಿ. ಕೆರಳಿದ ಕ್ಲೋರೋಫಿಲ್ ತನ್ನಷ್ಟಕ್ಕೆ ತಣ್ಣಗಾಗಲು ನ್ಯಾನೊಸೆಕೆಂಡ್‌ಗಳಷ್ಟು ಬೇಕು. ಅಂದರೆ ಮೊದಲು ತಾಳ ಹೋಗುತ್ತದೆ. ಆಮೇಲೆ ಶಕ್ತಿ ಊರು ಸೇರುತ್ತದೆ. ಸೇರದಿದ್ದರೆ ಅದು ಪೋಲಾಗಲು ಇನ್ನೂ ಬಹಳ ಹೊತ್ತಿದೆ.

ತಾಳ ಹೋಗುವುದರಿಂದ ಶಕ್ತಿ ದಾಟುವುದಕ್ಕೆ ಅನುಕೂಲವೂ ಆಗಬಹುದು. 1958ರಲ್ಲಿ ಫಿಲಿಪ್ ಆಂಡರ್ಸನ್ ಒಂದು ವಿಚಿತ್ರ ತೋರಿಸಿದ್ದರು. ಏರುಪೇರಿನ ದಾರಿಯಲ್ಲಿ ಫೇಸ್ ಪೂರ್ತಿ ಉಳಿದರೆ ಅಲೆಗಳು ತಮ್ಮನ್ನು ತಾವೇ ಅಳಿಸಿಕೊಂಡು ಇದ್ದಲ್ಲೇ ಸಿಕ್ಕಿಹಾಕಿಕೊಳ್ಳುತ್ತವೆ. ಸ್ವಲ್ಪ ಕುಲುಕಿದರೆ ಸಿಕ್ಕು ಬಿಡುತ್ತದೆ. ತೀರಾ ಕುಲುಕಿದರೆ ಮತ್ತೆ ನಿಲ್ಲುತ್ತದೆ. 2008ರಲ್ಲಿ ಎರಡು ತಂಡಗಳು ಈ ಲೆಕ್ಕವನ್ನು ಬೆಳಕು ಹಿಡಿಯುವ ಪ್ರೋಟೀನುಗಳಿಗೆ ಹಚ್ಚಿ, ಮಧ್ಯಮ ಮಟ್ಟದ ಗದ್ದಲದಲ್ಲೇ ಶಕ್ತಿ ಚೆನ್ನಾಗಿ ಹರಿಯುತ್ತದೆ ಎಂದು ತೋರಿಸಿದವು.

ಬೇಸಿಗೆಯ ಬಿರುಬಿಸಿಲಿನಲ್ಲಿ ಎಲೆಗೆ ಬರುವ ಶಕ್ತಿ ಬಳಸಿ ಮುಗಿಯದಷ್ಟು. ಆಗ ಎಲೆ ತಾನೇ ಶಕ್ತಿಯ ಇಳಿತವನ್ನು ಚುರುಕು ಮಾಡಿ, ಹೆಚ್ಚಾದದ್ದನ್ನು ಬಿಸಿಯಾಗಿ ಹೊರಹಾಕುತ್ತದೆ. ಟಿ1 ಕಡಿಮೆ ಮಾಡಿಕೊಂಡು ಜೀವ ಉಳಿಸಿಕೊಳ್ಳುತ್ತದೆ ಅನ್ನಬಹುದು. ಅದೂ ಮೀರಿದರೆ ಎಲೆ ಸುಡುತ್ತದೆ. ಹಾಲುವಾಣ, ಸಿಲ್ವರ್, ಹಲಸಿನ ನೆರಳು ಕಾಫಿಗೆ ಯಾಕೆ ಬೇಕು ಎನ್ನುವುದಕ್ಕೆ ಇದೂ ಒಂದು ಕಾರಣ.

ಕೊನೆಗೆ ಒಂದು ಕೆಲಸ ಹೇಳುತ್ತೇನೆ, ನಮ್ಮ ಭಾಗದ ಯಾವ ಕಾಲೇಜೂ ಮಾಡಬಹುದು. ಟಿ1, ಟಿ2 ನೋಡಲು ಕೋಟಿ ರೂಪಾಯಿಯ ಯಂತ್ರ ಬೇಡ. ಭೂಮಿಯ ಕಾಂತಬಲ ನಮ್ಮಲ್ಲಿ ಸುಮಾರು 40 ಮೈಕ್ರೊಟೆಸ್ಲಾ. ಆ ಬಲದಲ್ಲಿ ನೀರಿನ ಪ್ರೋಟಾನ್ ಸೆಕೆಂಡಿಗೆ ಸುಮಾರು 1700 ಸಲ ಓಲಾಡುತ್ತದೆ. ಅದು ಮನುಷ್ಯನ ಕಿವಿಗೆ ಕೇಳುವ ಸ್ವರ! ಒಂದು ಬಾಟಲಿ ನೀರು, ಅದರ ಸುತ್ತ ನೂರಾರು ಸುತ್ತು ತಾಮ್ರದ ತಂತಿ, ಒಂದು ಕಾರ್ ಬ್ಯಾಟರಿ, ಒಂದು ಒಳ್ಳೆಯ ಆಂಪ್ಲಿಫೈಯರ್ ಬೇಕು. ಕೆಲವು ಸೆಕೆಂಡ್ ಕರೆಂಟು ಹರಿಸಿ ಪಟ್ಟನೆ ನಿಲ್ಲಿಸಿ, ಅದೇ ಸುರುಳಿಯನ್ನು ಆಂಪ್ಲಿಫೈಯರಿಗೆ ಜೋಡಿಸಬೇಕು. ಕರೆಂಟಿನ ಲೈನು, ಕಬ್ಬಿಣದ ಬೇಲಿ ಹತ್ತಿರ ಇರಬಾರದು. ತೋಟದ ನಡುವೆ ಅಂಥ ಜಾಗ ನಮಗೆ ಬೇಕಾದಷ್ಟಿದೆ. ಸರಿಯಾಗಿ ಮಾಡಿದರೆ ಹೆಡ್‌ಫೋನಿನಲ್ಲಿ ಒಂದು ತೆಳ್ಳನೆಯ ಸೀಟಿ ಕೇಳಿ, ಎರಡು-ಮೂರು ಸೆಕೆಂಡಿನಲ್ಲಿ ಕರಗುತ್ತದೆ. ಕೋಟ್ಯಂತರ ಕೋಟಿ ಕಣಗಳ ತಾಳ ತಪ್ಪುವ ಸದ್ದು ಅದು.

ಆಮೇಲೆ ಒಂದು ಲೀಟರ್ ನೀರಿಗೆ ಕಾಲು ಗ್ರಾಂ ಮೈಲುತುತ್ತ ಹಾಕಿ ಕದಡಿ. ಬೋರ್ಡೋ ದ್ರಾವಣ ಹೊಡೆಯುವ ನಮ್ಮ ಯಾವ ಮನೆಯಲ್ಲಾದರೂ ಅದು ಸಿಗುತ್ತದೆ. ತಾಮ್ರದ ಅಯಾನುಗಳ ಒಂಟಿ ಎಲೆಕ್ಟ್ರಾನ್ ಪಕ್ಕದ ಪ್ರೋಟಾನುಗಳನ್ನು ಜೋರಾಗಿ ಕುಲುಕುತ್ತದೆ. ಅದೇ ಬಾಟಲಿ, ಅದೇ ತಂತಿ. ಸೀಟಿ ಮಾತ್ರ ಮೊದಲಿನ ಅರ್ಧ ಹೊತ್ತೂ ನಿಲ್ಲುವುದಿಲ್ಲ.

ಆ ಹುಡುಗನಿಗೆ ತಂತಿ ಸುತ್ತಲು ಹೇಳಿದ್ದೇನೆ. ಮೈಲುತುತ್ತ ಅಮ್ಮನ ಉಗ್ರಾಣದಲ್ಲಿದೆ.